ಗಿಡಕ್ಕೆ ಹೂವಿನ ಗಾತ್ರಕ್ಕಿಂತ ಸಂಖ್ಯೆಯೇ ಮುಖ್ಯವೇ?

ಪರ
(ಮೂಡಿಗೆರೆಯ ಕಾಫಿ ಬೆಳೆಗಾರರೊಬ್ಬರು)

ಗಿಡವೊಂದು ಹೂವಿಗಾಗಿ ಖರ್ಚು ಮಾಡಬಹುದಾದ ಆಹಾರ, ನೀರು, ಸಾರಜನಕಗಳಿಗೆ ಮಿತಿಯಿದೆ. ಹೂವನ್ನು ಹಿಗ್ಗಿಸಿದರೆ ಸಂಖ್ಯೆ ಇಳಿಯುತ್ತದೆ, ಸಂಖ್ಯೆ ಏರಿಸಿದರೆ ಗಾತ್ರ ಕುಗ್ಗುತ್ತದೆ. ಈ ಲೆಕ್ಕದಲ್ಲಿ ವಿಕಾಸವು ಮತ್ತೆ ಮತ್ತೆ ಸಂಖ್ಯೆಯ ಕಡೆಗೇ ವಾಲಿದೆ ಎಂಬುದಕ್ಕೆ ಮಲೆನಾಡಿನ ಯಾವ ತೋಟವಾದರೂ ಸಾಕ್ಷಿ. ಕಾಳುಮೆಣಸಿನ ಬಿಡಿ ಹೂವು ಕಣ್ಣಿಗೆ ಕಾಣುವುದೇ ಕಷ್ಟ, ಆದರೆ ಗೊಂಚಲು ಗೊಂಚಲಿನಲ್ಲೂ ಅವು ಸಾಲುಗಟ್ಟಿ ಕೂತಿರುತ್ತವೆ. ಸೂರ್ಯಕಾಂತಿಯನ್ನು ದೊಡ್ಡ ಹೂವೆಂದು ಮುಂದೆ ಹಿಡಿಯುವವರು ಅದನ್ನು ಒಮ್ಮೆ ಬಿಡಿಸಿ ನೋಡಲಿ: ಅದು ನೂರಾರು ಕಿರುಹೂಗಳ ಗುಂಪು, ಅಂಚಿನ ಹಳದಿ ಎಸಳುಗಳೂ ಒಂದೊಂದು ಹೂವೇ. ದೊಡ್ಡದಾಗಿ ಕಾಣಬೇಕೆಂದಾಗಲೂ ಆ ಗಿಡ ನೆಚ್ಚಿಕೊಂಡದ್ದು ಸಂಖ್ಯೆಯನ್ನೇ.

ರೊಬಸ್ಟಾ ಜಾತಿಯ ಕಾಫಿಯಲ್ಲಿ ಇದು ಇನ್ನೂ ಸ್ಪಷ್ಟ. ಫೆಬ್ರುವರಿ-ಮಾರ್ಚ್‌ನಲ್ಲಿ ಮೊಗ್ಗು ಬಿರಿಸುವ ಹೂಮಳೆ ಬಿದ್ದು, ಅಥವಾ ಸ್ಪ್ರಿಂಕ್ಲರ್ ಹಾಯಿಸಿ, ವಾರ-ಹತ್ತು ದಿನ ಕಳೆಯುವುದರೊಳಗೆ ಗೆಣ್ಣುಗೆಣ್ಣಿನಲ್ಲೂ ಮೊಗ್ಗು ಬಿರಿದು ಕೊಂಬೆಗಳೆಲ್ಲ ಬೆಳ್ಳಗಾಗುತ್ತವೆ. ಹೆಜ್ಜೇನಿನ ಮೊರೆತ ರಸ್ತೆಗೇ ಕೇಳುತ್ತದೆ. ಒಂದೇ ಒಂದು ಹೂವಿಗಾಗಿ ಯಾವ ಹೆಜ್ಜೇನೂ ಅಷ್ಟು ದೂರ ಬರುವುದಿಲ್ಲ.

ಒಂದು ವರ್ಷ ನಾವು ತೋಟದ ಕೆಳಗಿನ ಪಟ್ಟಿಗೆ ಸ್ಪ್ರಿಂಕ್ಲರ್ ಮುಗಿಸುವಷ್ಟರಲ್ಲಿ ಪಂಪು ಕೆಟ್ಟು, ಮೇಲಿನ ಪಟ್ಟಿಗೆ ನೀರು ಕೊಡುವುದು ತಡವಾಯಿತು. ಮೇಲಿನ ಪಟ್ಟಿ ಹೂವಾದ ಬೆಳಿಗ್ಗೆಯೇ ಮಳೆ ಹೊಡೆದು, ಪರಾಗವೆಲ್ಲ ತೊಳೆದುಹೋಗಿ, ಹೂವು ಕಂದಿ ಗೆಣ್ಣಿಗೇ ಅಂಟಿಕೊಂಡಿತು. ಕೆಳಗಿನ ಪಟ್ಟಿಯಲ್ಲಿ ಆ ವೇಳೆಗಾಗಲೇ ಪರಾಗಸ್ಪರ್ಶ ಮುಗಿದಿದ್ದರಿಂದ ಆ ವರ್ಷದ ಕೊಯ್ಲು ಅಷ್ಟಾದರೂ ಕೈಗೆ ಬಂತು. ಮನೆಯವರು ಮೆಕ್ಯಾನಿಕ್‌ನನ್ನು ಬಯ್ಯುತ್ತಿದ್ದರೆ ನಾನು ಅವನಿಗೆ ಕಾಫಿ ಕೊಟ್ಟು ಕಳಿಸಿದೆ. ಹೂವು ಹಲವಿದ್ದರೆ ಒಂದು ಪಾಲು ಹಾಳಾದರೂ ಇನ್ನೊಂದು ಪಾಲು ಉಳಿಯುತ್ತದೆ. ಇರುವುದೇ ಒಂದಾದರೆ ಕಥೆ ಅಲ್ಲಿಗೇ ಮುಗಿಯಿತು.

ಹೂವು ಹೆಚ್ಚಿದ್ದರೆ ಜೇನು ಒಂದು ಗಿಡದ ಪರಾಗವನ್ನು ಅದೇ ಗಿಡಕ್ಕೆ ಬಳಿಯುತ್ತದೆ ಎಂಬ ಆಕ್ಷೇಪವನ್ನು ಕೇಳಿದ್ದೇನೆ. ಜೇನಿಗೆ ಕಸುಬು ಕಲಿಸಹೊರಟವರು ಮೊದಲು ಮಾರ್ಚ್‌ನಲ್ಲಿ ನಮ್ಮ ತೋಟಕ್ಕೆ ಬರಲಿ. ಗಾತ್ರದ ಪಕ್ಷದವರಿಗೆ ಕೊನೆಗೆ ಉಳಿಯುವುದು ಸುಮಾತ್ರಾ ಕಾಡಿನ ರಾಫ್ಲೇಶಿಯಾ ಒಂದೇ: ಬೇರಿಲ್ಲ, ಎಲೆಯಿಲ್ಲ, ಇನ್ನೊಂದು ಬಳ್ಳಿಯ ಅನ್ನ ತಿಂದು ಮೀಟರಿನಷ್ಟು ಅಗಲ ಅರಳಿ, ಕೊಳೆತ ಮಾಂಸದಂತೆ ನಾರುವ ಹೂವು. ಸ್ವಂತ ದುಡಿದು ತಿನ್ನುವ ಗಿಡಕ್ಕೆ ಅಂಥ ಆಡಂಬರ ಗಿಟ್ಟುವುದಿಲ್ಲ.

ವಿರೋಧ
(ಹಾಸನದ ಸಸ್ಯಶಾಸ್ತ್ರ ಉಪನ್ಯಾಸಕರೊಬ್ಬರು)

ಗಾತ್ರದ ಪರವಾಗಿ ಬರೆಯಬೇಕೆಂದು ನನ್ನನ್ನು ಕೇಳಲಾಗಿದೆ. ನನ್ನ ಮನಸ್ಸು ಪೂರ್ತಿ ಈ ಕಡೆಗಿದೆ ಎನ್ನಲಾರೆನಾದರೂ ಹೇಳಬೇಕಾದ ಮಾತುಗಳಿವೆ. ಹೂವು ತುಂಬಿದ ದೊಡ್ಡ ಮರದಲ್ಲಿ ಪರಾಗವು ಬಹುಪಾಲು ಅದೇ ಮರದ ಹೂವಿನಿಂದ ಹೂವಿಗೆ ಸಾಗುತ್ತದೆ ಎಂಬ ತೊಡಕನ್ನು ಡಾರ್ವಿನ್ 1859ರಲ್ಲೇ ಎತ್ತಿ, ಮರಗಳಲ್ಲಿ ಗಂಡು ಹೂವು, ಹೆಣ್ಣು ಹೂವು ಬೇರೆಯಾಗುವ ಪ್ರವೃತ್ತಿಯನ್ನು ಅದರೊಂದಿಗೆ ಜೋಡಿಸಿದ್ದರು. ರೊಬಸ್ಟಾ ಸ್ವಂತ ಪರಾಗದಿಂದ ಕಾಯಿ ಕಟ್ಟುವ ಜಾತಿಯಲ್ಲ. ಹಾಗಾಗಿ ಒಂದೇ ಗಿಡದೊಳಗೆ ಸುತ್ತಿದ ಪರಾಗವೆಲ್ಲ ಅಲ್ಲಿ ವ್ಯರ್ಥವೇ. (ಬೆಳೆಗಾರರು ಹೇಳಿದ ಆ ವರ್ಷ ಕೊಯ್ಲನ್ನು ಉಳಿಸಿದ್ದು ಸಂಖ್ಯೆಯಲ್ಲ, ಕೆಟ್ಟ ಪಂಪಿನಿಂದಾಗಿ ಎರಡು ಪಟ್ಟಿಗಳು ಬೇರೆ ಬೇರೆ ದಿನ ಹೂವಾದದ್ದು.)

ಒಂದು ಹೂವಿನೊಳಗೆ ಎಷ್ಟು ಬೀಜಕ್ಕೆ ಜಾಗವಿದೆ ಎಂಬುದನ್ನೂ ಎಣಿಸಬೇಕು. ಕಾಫಿ ಹೂವಿನ ಅಂಡಾಶಯದಲ್ಲಿ ಸಾಮಾನ್ಯವಾಗಿ ಬೀಜವಾಗಬಲ್ಲ ಎರಡೇ ಅಂಡಕಗಳು, ಅವುಗಳಲ್ಲಿ ಒಂದು ಸೋತರೆ ಸಿಗುವುದು ಪೀಬೆರಿ ಎಂಬ ಒಂಟಿ ಬೀಜ. ಕುಂಬಳದ ಒಂದು ಹೆಣ್ಣು ಹೂವಿಗೆ ಜೇನು ಸರಿಯಾಗಿ ಬಂದುಹೋದರೆ ನೂರಾರು ಬೀಜ.

ರಾಫ್ಲೇಶಿಯಾ ನಗೆಯಾಡುವ ವಸ್ತುವಲ್ಲ. 2007ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನದ ಪ್ರಕಾರ ಅದು ಹರಳು, ಮರಗೆಣಸುಗಳ ಕುಟುಂಬದ ಒಳಗಿನಿಂದಲೇ ಕವಲೊಡೆದದ್ದು; ಕೆಲವೇ ಮಿಲಿಮೀಟರಿನ ಹೂವಿದ್ದ ವಂಶದಲ್ಲಿ ಸುಮಾರು 4.6 ಕೋಟಿ ವರ್ಷಗಳ ಅವಧಿಯಲ್ಲಿ ಹೂವು ಎಪ್ಪತ್ತಕ್ಕೂ ಹೆಚ್ಚು ಪಟ್ಟು ಹಿಗ್ಗಿತು. ಗಿಟ್ಟದ ದಾರಿಯಲ್ಲಿ ಯಾವ ವಂಶವೂ ಅಷ್ಟು ದೂರ ನಡೆಯಲಾರದು.

ನಮ್ಮ ಮನೆಯ ತಾರಸಿಯಲ್ಲಿ ಬ್ರಹ್ಮಕಮಲವೆಂದು ಕರೆಯುವ, ಅಮೆರಿಕ ಖಂಡದಿಂದ ಬಂದ ಕಳ್ಳಿಯಿದೆ. ಅಂಗೈಗಿಂತ ಅಗಲವಾದ, ಉದ್ದ ಕೊಳವೆಯ ಅದರ ಬಿಳಿ ಹೂವು ರಾತ್ರಿ ಅರಳುವುದು ಕತ್ತಲಲ್ಲಿ ಹಾರುವ ಉದ್ದ ನಾಲಿಗೆಯ ಪತಂಗಗಳಿಗಾಗಿ. ಅದು ಅರಳಿದ ರಾತ್ರಿ ಬೀದಿಯವರೆಲ್ಲ ಅರಿಸಿನ-ಕುಂಕುಮ ಹಿಡಿದು ಬರುತ್ತಾರೆ. ಪತಂಗ ಬಂದದ್ದನ್ನಾಗಲಿ, ಹೂವು ಕಾಯಿ ಕಟ್ಟಿದ್ದನ್ನಾಗಲಿ ನಾನಂತೂ ಇದುವರೆಗೆ ನೋಡಿಲ್ಲ.