ಹದಿನೈದಕ್ಕೆ ಗುಜರಿ, ಐವತ್ತಕ್ಕೆ ವಿಂಟೇಜ್

20 ವರ್ಷ ದಾಟಿದ ಕಾರಿನ ಆರ್‌ಸಿ ರಿನ್ಯೂವಲ್‌ಗೆ ಈಗ 10,000 ರೂಪಾಯಿ. 2022ರ ಮಾರ್ಚ್‌ವರೆಗೆ 600 ಇತ್ತು, ಆಮೇಲೆ 5,000 ಆಯಿತು, 2025ರ ಆಗಸ್ಟ್‌ನಲ್ಲಿ ಹತ್ತು ಸಾವಿರ ಮುಟ್ಟಿತು. ಇಂಥ ಪಿಕಪ್ ನಾನು ಯಾವ ಟರ್ಬೊ ಕಾರಿನಲ್ಲೂ ನೋಡಿಲ್ಲ. ಕಾರು ಆಮದು ಮಾಡಿದ್ದಾದರೆ 80,000. ಅಂದರೆ ಎಲ್ಲೋ ಒಂದು ಶೆಡ್ಡಿನಲ್ಲಿ ಮುಸುಕು ಹೊದ್ದು ಮಲಗಿರುವ ಹಳೇ ಟೊಯೊಟಾ ಸುಪ್ರಾಗೆ ಬರೀ ‘ನೀನು ಇನ್ನೂ ಬದುಕಿದ್ದೀಯ’ ಅಂತ ಬರೆಸಿಕೊಳ್ಳೋಕೆ ಐದು ವರ್ಷಕ್ಕೊಮ್ಮೆ ಎಂಬತ್ತು ಸಾವಿರ.

ನನ್ನದೂ ಒಂದು ಹಳೇ ಜಪಾನಿ ಸೆಡಾನ್. 2002ರದ್ದು. ಯಾವ ಕಂಪನಿ ಅಂತ ಹೇಳಲ್ಲ, ದೃಷ್ಟಿಯಾಗುತ್ತೆ. ಹೀಗಾಗಿ ಹೋದ ತಿಂಗಳು ನಾನೂ ಫೈಲು ಹಿಡಿದು ಆರ್‌ಟಿಒ ಆಫೀಸಿಗೆ ಹೋಗಿ ನಿಂತಿದ್ದೆ.

ಕ್ಯೂನಲ್ಲಿ ನಿಲ್ಲಿಸಿದರೆ ತಲೆ ಓಡುತ್ತೆ, ಅಲ್ವಾ? ಒಂದು ಕಾರು ಯಾವ ವಯಸ್ಸಿಗೆ ಏನಾಗುತ್ತೆ ಅಂತ ಲೆಕ್ಕ ಹಾಕಿದೆ. ಜಪಾನಿನಲ್ಲಿ ಪೆಟ್ರೋಲ್ ಕಾರಿಗೆ 13 ವರ್ಷ ದಾಟಿತು ಅಂದರೆ ವರ್ಷದ ಟ್ಯಾಕ್ಸ್ ಏರುತ್ತೆ. ಎರಡು ವರ್ಷಕ್ಕೊಮ್ಮೆ ‘ಶಾಕೆನ್’ ಅನ್ನುವ ತಪಾಸಣೆ ಬೇರೆ. ಸಾಕಪ್ಪಾ ಅಂತ ಎಷ್ಟೋ ಜನ ಕಾರನ್ನು ಬೇರೆ ದೇಶದ ಹಡಗಿಗೆ ಹತ್ತಿಸಿಬಿಡುತ್ತಾರೆ. ದೆಹಲಿಯಲ್ಲಿ 15 ತುಂಬಿದ ಪೆಟ್ರೋಲ್ ಕಾರು ಗುಜರಿ ಅಂತ ಆದೇಶ ಬಂತು. ಅಮೆರಿಕದಲ್ಲಿ ಅಲ್ಲಿನ ನಿಯಮಕ್ಕೆ ತಕ್ಕಂತೆ ಮಾಡದ ಕಾರು 25 ತುಂಬುವವರೆಗೆ ಒಳಗೆ ಬರುವ ಹಾಗಿಲ್ಲ. 24 ವರ್ಷ 11 ತಿಂಗಳ ನಿಸ್ಸಾನ್ ಸ್ಕೈಲೈನ್ ರಸ್ತೆಗೆ ಅಪಾಯ, ಮುಂದಿನ ತಿಂಗಳು ಅದೇ ಸ್ಕೈಲೈನ್‌ಗೆ ಹಾರ ತುರಾಯಿ. ಅದೇ ಸ್ಕೈಲೈನ್‌ನ 1989ರ ಮಾಡೆಲ್ ಆರ್32 ಜಿಟಿ-ಆರ್ ಅಲ್ಲಿಗೆ ಕಾನೂನಿನ ಪ್ರಕಾರ ಕಾಲಿಟ್ಟಿದ್ದು 2014ಕ್ಕೆ. ಇಂಥ ಹಳೇ ಜಪಾನಿ ಕಾರುಗಳ ರೇಟು ಏರುತ್ತಾ ಏರುತ್ತಾ, ಹಾಲಿವುಡ್ ಸಿನಿಮಾವೊಂದರಲ್ಲಿ ಓಡಿದ ಕಿತ್ತಳೆ ಬಣ್ಣದ ಸುಪ್ರಾ 2021ರಲ್ಲಿ 5,50,000 ಡಾಲರ್‌ಗೆ ಹರಾಜಾಯಿತು.

ಇನ್ನು ನಮ್ಮಲ್ಲಿ 50 ತುಂಬಿದರೆ ವಿಂಟೇಜ್. 2021ರ ನಿಯಮ. ಬೇರೆ ಥರದ ನಂಬರ್ ಪ್ಲೇಟು, ಮರ್ಯಾದೆ ಎಲ್ಲಾ ಇದೆ. ಆದರೆ ದಿನಾ ಓಡಿಸುವ ಹಾಗಿಲ್ಲ, ಇಂಜಿನ್ನೂ ಬಾಡಿಯೂ ಕಂಪನಿ ಕೊಟ್ಟ ಹಾಗೇ ಇರಬೇಕು. 20ರಿಂದ 50ರವರೆಗಿನ ಮೂವತ್ತು ವರ್ಷ ಕಾರು ತ್ರಿಶಂಕು. ಮೇಲಿನವರು ಸೇರಿಸಲ್ಲ, ಕೆಳಗಿನವರು ಪಾರ್ಕಿಂಗ್ ಕೊಡಲ್ಲ. ನನ್ನದಕ್ಕೆ 2052ರಲ್ಲಿ ಮೋಕ್ಷ. ಅಷ್ಟರಲ್ಲಿ ನನ್ನದೇ ಎಫ್‌ಸಿ ಮುಗಿದಿರುತ್ತೆ.

ಈ ಕಾರುಗಳು ಇಷ್ಟು ದಿನ ಬಾಳಿದ್ದಕ್ಕೆ ಒಂದು ಮಜಾ ಕಾರಣ ಇದೆ. 1989ರ ಸುಮಾರಿಗೆ ಜಪಾನಿನ ಕಂಪನಿಗಳೆಲ್ಲ ಸೇರಿ, ಯಾರೂ 280 ಪಿಎಸ್‌ಗಿಂತ (ಹಾರ್ಸ್‌ಪವರ್ ಅಂದುಕೊಳ್ಳಿ) ಜಾಸ್ತಿ ಶಕ್ತಿ ತೋರಿಸಬಾರದು ಅಂತ ಮಾತಾಡಿಕೊಂಡರು. ಮುಂದಿನ ಹದಿನೈದು ವರ್ಷ ಜಿಟಿ-ಆರ್ 280, ಸುಪ್ರಾ 280, ಯಾವ ಬ್ರೋಷರ್ ತೆಗೆದರೂ 280. ಅದೇ ಸುಪ್ರಾ ಅಮೆರಿಕದ ಬ್ರೋಷರ್‌ನಲ್ಲಿ 320! ಹೆಣ್ಣು ನೋಡಲು ಹೋದಾಗ ಸಂಬಳ ಜಾಸ್ತಿ ಹೇಳೋದು ನಮ್ಮ ಕಡೆಯ ಪದ್ಧತಿ. ಕಡಿಮೆ ಹೇಳಿದವರನ್ನು ನಾನು ಕೇಳಿದ್ದು ಇದೊಂದೇ ಸಲ. ಕೊನೆಗೆ 2004ರಲ್ಲಿ ಹೋಂಡಾ ಲೆಜೆಂಡ್ 300 ಅಂತ ಬರೆದುಕೊಂಡು ಬಂದ ಮೇಲೆ ನಾಟಕ ಮುಗಿಯಿತು. ಕಾಗದದಲ್ಲಿ ಬಾಯಿ ಮುಚ್ಚಿಕೊಂಡಿದ್ದ ಎಂಜಿನಿಯರ್‌ಗಳು ಬಾನೆಟ್ ಕೆಳಗೆ ಕೈ ಬಿಗಿ ಹಿಡಿದಿರಲಿಲ್ಲ. ಸುಪ್ರಾದ 2ಜೆಝಡ್ ಇಂಜಿನ್ನಿನ ಬ್ಲಾಕು ಎರಕದ ಕಬ್ಬಿಣದ್ದು, ಒಳಗೆ ತಿರುಗುವ ದಂಡ, ಅಂದರೆ ಕ್ರ್ಯಾಂಕ್, ಹಿಡಿಯೋಕೆ ಏಳು ಮೇನ್ ಬೇರಿಂಗು. ಮದುವೆ ಮನೆ ಅಡುಗೆ ಭಟ್ಟರು ನೂರು ಜನಕ್ಕೆ ಅಂದರೆ ನೂರೈವತ್ತು ಎಲೆಗೆ ಅಕ್ಕಿ ಹಾಕುತ್ತಾರಲ್ಲ, ಹಾಗೆ. ಆ ಉಳಿದ ಅನ್ನದ ಮೇಲೇ ಇವತ್ತಿನ ಇಡೀ ಟ್ಯೂನಿಂಗ್ ದಂಧೆ, ಅಂದರೆ ಇಂಜಿನ್ ಶಕ್ತಿ ಏರಿಸಿಕೊಡುವ ದಂಧೆ, ನಡೀತಿದೆ.

ಆದರೆ ಆ ಅನ್ನಕ್ಕೂ ಒಂದು ಲೆಕ್ಕ ಇದೆ ಅನ್ನೋದು ನಮ್ಮ ಹುಡುಗರಿಗೆ ಹೇಳಿದರೆ ತಲೆಗೆ ಹೋಗಲ್ಲ. ‘ಜಪಾನಿ ಇಂಜಿನ್ ಅಣ್ಣಾ, ಏನೂ ಆಗಲ್ಲ.’ ಆರ್32ರ ಹಳೇ ಇಂಜಿನ್‌ಗಳಲ್ಲಿ ಕ್ರ್ಯಾಂಕು ಆಯಿಲ್ ಪಂಪನ್ನು ಹಿಡಿಯುವ ಜಾಗ ಗಿಡ್ಡ, ಜಾಸ್ತಿ ರೇಸ್ ಮಾಡಿದರೆ ಪಂಪೇ ಒಡೆಯುತ್ತೆ. ಮಾಜ್ದಾ ಆರ್‌ಎಕ್ಸ್-7ರ ರೋಟರಿ ಇಂಜಿನ್ನಂತೂ ಅತ್ತೆ ಮನೆಗೆ ಬಂದ ಹೊಸ ಅಳಿಯನ ಹಾಗೆ, ಆಯಿಲು, ಬಿಸಿ, ಎಲ್ಲಾ ಸರಿಯಾಗಿ ನೋಡಿಕೊಳ್ಳಬೇಕು, ಇಲ್ಲಾಂದ್ರೆ ರೋಟರ್ ತುದಿಯ ಏಪೆಕ್ಸ್ ಸೀಲು ಹೋಗಿ ಮುನಿಸು. ನಮ್ಮ ಬೆಂಗಳೂರಿನ ಹುಡುಗರ ಕನಸಿನ ರಾಣಿ ಹಳೇ ಹೋಂಡಾ ಸಿಟಿ ವಿಟೆಕ್, 1.5 ಲೀಟರ್, 106 ಬಿಎಚ್‌ಪಿ. (2003ರಲ್ಲಿ ಹೊಸ ಸಿಟಿ ಬಂದಾಗ ಅದು 77ಕ್ಕೆ ಇಳಿಯಿತು. ‘ಎಷ್ಟು ಕೊಡುತ್ತೆ?’ ಅಂತ ಕೇಳುವ ದೇಶಕ್ಕೆ ಉತ್ತರ ಸಿಕ್ಕಿತು.) ಆ ವಿಟೆಕ್ಕೂ ಟೈಮಿಂಗ್ ಬೆಲ್ಟ್ ಕಾರು. ಬೆಲ್ಟ್ ತುಂಡಾದರೆ ವಾಲ್ವುಗಳು ಬಾಗುತ್ತವೆ, ಅಷ್ಟೇ ಕಥೆ. ಹೋದ ವಾರ ಒಂದು ಜಾಹೀರಾತು ನೋಡಿದೆ: ಡಾಕ್ಟರ್ ಓಡಿಸಿದ ಕಾರು, ಫುಲ್ ರಿಲಯಬಲ್, ಸ್ಟೇಜ್ 2 ಟ್ಯೂನ್ (ಅಂದರೆ ಇಂಜಿನ್ ಹಿಂಡಿ ಶಕ್ತಿ ಏರಿಸಿದ್ದು). ಹುಡುಗ ತುಂಬಾ ಸಾಧು, ಕುಡಿದಾಗ ಮಾತ್ರ ಸ್ವಲ್ಪ ಹೊಡೀತಾನೆ ಅಂದ ಹಾಗಿದೆ. ಬೆಲ್ಟ್ ಯಾವಾಗ ಬದಲಿಸಿದ್ದು ಅಂತ ಫೋನ್ ಮಾಡಿ ಕೇಳಿದೆ. ‘ಮ್ಯೂಸಿಕ್ ಸಿಸ್ಟಮ್ ಹೊಸದು ಸಾರ್’ ಅಂದ.

ಇವರನ್ನು ಸರಿ ಮಾಡೋಕೆ ನಮ್ಮ ಪೊಲೀಸರು ಒಂದು ಅದ್ಭುತ ದಾರಿ ಕಂಡುಕೊಂಡಿದ್ದಾರೆ. ಹುಡುಗರು ಜೋರು ಸದ್ದಿಗೆ ಹಾಕಿಸಿಕೊಂಡ ಸೈಲೆನ್ಸರ್‌ಗಳನ್ನು ಹಿಡಿದು, ರಸ್ತೆ ಮೇಲೆ ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸೋದು. ಪಕ್ಕದಲ್ಲಿ ಸಾಹೇಬರು, ಮುಂದೆ ಕ್ಯಾಮೆರಾ. ಹುಡುಗ ಮಾರನೇ ದಿನ ಜೆ.ಸಿ. ರಸ್ತೆಯಲ್ಲಿ ಇನ್ನೊಂದು ತರುತ್ತಾನೆ. ಆ ರೋಲರ್ ಸಾಮಾನ್ಯ ದಿನಗಳಲ್ಲಿ ಎಲ್ಲಿರುತ್ತೆ ಅಂತ ಯಾರಾದರೂ ಹೇಳಿದರೆ ನಮ್ಮ ಬೀದಿಗೊಂದ್ಸಲ ಕರೆಸಬಹುದಿತ್ತು.

ತಮಾಷೆ ಸಾಕು. ಹೊಗೆ ಬರೋದು ಪೈಪಿನಿಂದ ಸ್ವಾಮಿ, ಹುಟ್ಟಿದ ತಾರೀಖಿನಿಂದ ಅಲ್ಲ. ನಾಲ್ಕು ವರ್ಷದ ಟೆಂಪೊ ನನ್ನ ಮುಖಕ್ಕೆ ಮಸಿ ಬಳಿದು ಹೋಗುತ್ತೆ, ಅದರ ಕಾಗದ ಎಲ್ಲಾ ಸರಿ ಇರುತ್ತೆ. ಎಷ್ಟೋ ಕಡೆ ಎಮಿಷನ್ ಸರ್ಟಿಫಿಕೇಟಿಗೆ ಕೊಳವೆ ಸೈಲೆನ್ಸರ್ ಒಳಗೆ ಹೋಗೋದೇ ಇಲ್ಲ, ನಂಬರ್ ಪ್ಲೇಟಿನ ಫೋಟೊ ತೆಗೆದರೆ ಮುಗೀತು. ಐದು ಸಾವಿರ ಕಿಲೋಮೀಟರಿಗೆ ಆಯಿಲ್ ಬದಲಿಸಿ, ಹೋಸು, ಬುಷ್ಷು ಹುಡುಕಿ ತಂದು ಹಾಕಿ, ಇರೋ ಕಾರನ್ನೇ ನೆಟ್ಟಗೆ ಇಟ್ಟುಕೊಂಡವನಿಗೆ ಹತ್ತು ಸಾವಿರ ದಂಡ. ಮೀಟರ್ ಇಟ್ಟು ಅಳೀರಿ, ಫೇಲಾದರೆ ನಾನೇ ಗುಜರಿಗೆ ಹಾಕ್ತೀನಿ. ಅಳೆಯೋಕೇ ಯಾರಿಗೂ ಆಸಕ್ತಿ ಇಲ್ಲ. ಬೇಜಾರಾಗುತ್ತೆ.

ಸರಿ, ಆವತ್ತಿನ ವಿಷಯಕ್ಕೆ ಬರ್ತೀನಿ. ಎರಡು ಗಂಟೆ ಸುಡುಬಿಸಿಲಲ್ಲಿ ನಿಂತ ಮೇಲೆ ಬ್ರೇಕ್ ಇನ್ಸ್‌ಪೆಕ್ಟರ್ ಬಂದರು. ಚಾಸಿ ನಂಬರ್ ನೋಡಿದರು. ‘ಸ್ಟಾರ್ಟ್ ಮಾಡ್ರಿ’ ಅಂದರು. ಕೀಲಿ ತಿರುಗಿಸಿದೆ. ಸೆಲ್ಫ್ ತಿರುಗುತ್ತಿದೆ, ಇಂಜಿನ್ ಹತ್ತುತ್ತಿಲ್ಲ. ನನಗೆ ರೋಗ ಗೊತ್ತು. ಡ್ಯಾಶ್‌ಬೋರ್ಡ್ ಕೆಳಗೆ ಬೆಂಕಿಪೆಟ್ಟಿಗೆಯಷ್ಟು ದಪ್ಪದ ಮೇನ್ ರಿಲೇ. ಒಳಗಿನ ಬೆಸುಗೆ ಬಿರುಕು ಬಿಟ್ಟಿದೆ, ಬಿಸಿಲಿಗೆ ಕಾದರೆ ಪೆಟ್ರೋಲ್ ಪಂಪಿಗೆ ಕರೆಂಟ್ ಹೋಗಲ್ಲ, ತಣ್ಣಗಾದರೆ ಏನೂ ಆಗದ ಹಾಗೆ ಹತ್ತುತ್ತೆ. ಇಂಜಿನ್ ಗಟ್ಟಿಮುಟ್ಟು, ಅಂಗೈಯೊಳಗೆ ಮುಚ್ಚಿಡಬಹುದಾದ ಒಂದು ಡಬ್ಬಿಯಿಂದ ಮಾನ ಹೋಗ್ತಿದೆ. ಬ್ರೋಕರ್ ಹುಡುಗ, ನಾನು ಸೇರಿ ಹೊಂಗೆ ಮರದ ನೆರಳಿಗೆ ತಳ್ಳಿದೆವು. ಇನ್ಸ್‌ಪೆಕ್ಟರ್ ಟೀ ಕುಡಿದು ಬಂದರು. ನಾನು ಮನಸ್ಸಿನಲ್ಲೇ ರಾಯರನ್ನು ನೆನೆದು ಕೀಲಿ ತಿರುಗಿಸಿದೆ.

ಒಂದೇ ಸಲಕ್ಕೆ ಹತ್ತಿತು. ಅವರು ಫೈಲಿಗೆ ಸೈನ್ ಹಾಕಿ, ಪೆನ್ನು ಜೇಬಿಗಿಟ್ಟು, ‘ಸ್ವಲ್ಪ ರೇಸ್ ಮಾಡಿ’ ಅಂದರು. ಮಾಡಿದೆ.

‘ಇನ್ನೊಂದ್ಸಲ.’

‘ಎಮಿಷನ್ ಚೆಕ್ಕಾ ಸಾರ್?’

‘ಇಲ್ಲ ಇಲ್ಲ. ಸುಮ್ನೆ.’