ರೆಟಿನಾ ಲೇಸರ್: ಎಲ್ಲಿ ನಿಲ್ಲಿಸಬೇಕೆಂದು ಯಂತ್ರ ಹೇಳಬೇಕೆ?

ಪರ

ಕತ್ತಲೆ ಕೋಣೆ. ರೋಗಿ ಸ್ಲಿಟ್ ಲ್ಯಾಂಪಿಗೆ (ಕಣ್ಣು ಪರೀಕ್ಷಿಸುವ ಸೂಕ್ಷ್ಮದರ್ಶಕಕ್ಕೆ) ಗಲ್ಲ ಊರಿ ಕೂತಿದ್ದಾರೆ. ಅವರ ಕಣ್ಣಿಗೆ ಲೆನ್ಸ್ ಒತ್ತಿ ಹಿಡಿದ ಡಾಕ್ಟರು ಪೆಡಲ್ ತುಳಿಯುತ್ತಾರೆ, ಹಸಿರು ಬೆಳಕು ಮಿಂಚುತ್ತದೆ. ರೆಟಿನಾ ಮೇಲೆ ಬೂದು-ಬಿಳಿ ಚುಕ್ಕೆ ಮೂಡಿತೇ? ಪವರ್ ಸರಿಯಿದೆ. ಮೂಡಲಿಲ್ಲವೇ? ಇನ್ನೊಂದಿಷ್ಟು ಏರಿಸಬೇಕು. ದಶಕಗಳಿಂದ ಅಳತೆಗೋಲು ಇದೇ. ಆದರೆ ಚುಕ್ಕೆ ಕಂಡಿತೆಂದರೆ ಅಂಗಾಂಶ ಆಗಲೇ ಬೆಂದಿರುತ್ತದೆ. ಹಾಲು ಉಕ್ಕಿದ ಮೇಲೆ ಒಲೆ ಆರಿಸಿದ ಹಾಗೆ.

ಒಂದೇ ಪವರ್ ಒಂದೇ ಕಣ್ಣಿನ ಎರಡು ಜಾಗಗಳಲ್ಲಿ ಎರಡು ಥರ ಕೆಲಸ ಮಾಡುತ್ತದೆ. ಬೆಳಕು ಹೀರಿ ಬಿಸಿಯಾಗುವುದು ರೆಟಿನಾದ ಹಿಂಬದಿಯ ಕಪ್ಪು ವರ್ಣಕದ ಪದರ, ಆ ಕಪ್ಪು ಎಲ್ಲೆಡೆ ಒಂದೇ ಸಮ ಇರುವುದಿಲ್ಲ. ಎದುರಿಗೆ ಪೊರೆ ಬೇರೆ ಇದ್ದರೆ ಒಳಗೆ ಎಷ್ಟು ತಲುಪಿತೆಂಬುದೂ ಅಂದಾಜೇ.

ಜರ್ಮನಿಯ ಲ್ಯೂಬೆಕ್‌ನಲ್ಲಿ ಬೆಳೆದ ಚಿಕಿತ್ಸೆಯೊಂದು ಈ ಅಂದಾಜಿನ ಆಟಕ್ಕೆ ಬಗ್ಗುವುದೇ ಇಲ್ಲ. ಅದರ ಒಂದೊಂದು ಹೊಡೆತವೂ ಸೆಕೆಂಡಿನ ಹತ್ತು ಲಕ್ಷದ ಕೆಲವೇ ಭಾಗದಷ್ಟು. ವರ್ಣಕದ ಕಣಗಳ ಸುತ್ತ ಸೂಕ್ಷ್ಮ ಗುಳ್ಳೆಗಳೆದ್ದು ಆ ಪದರದ ಕೋಶಗಳಷ್ಟೇ ಸಾಯುತ್ತವೆ. ಅಕ್ಕಪಕ್ಕದ ಕೋಶಗಳು ಹರಡಿ ಜಾಗ ತುಂಬುತ್ತವೆ. ಮೇಲಿನ, ಬೆಳಕು ಗ್ರಹಿಸುವ ಕೋಶಗಳಿಗೆ ಬಿಸಿ ತಟ್ಟುವಷ್ಟು ಹೊತ್ತೇ ಇರುವುದಿಲ್ಲ. ತೊಡಕು ಒಂದೇ: ಡಾಕ್ಟರಿಗೆ ಏನೂ ಕಾಣುವುದಿಲ್ಲ! ಅದಕ್ಕೇ ಲೇಸರ್ ಹೋಗುವ ದಾರಿಯಲ್ಲೇ ಒಸಿಟಿಯ (ಬೆಳಕಿನಿಂದ ರೆಟಿನಾದ ಪದರಗಳನ್ನು ತೋರಿಸುವ ಸ್ಕ್ಯಾನ್‌ನ) ಬೆಳಕನ್ನೂ ಕಳಿಸುವುದು. ಗುಳ್ಳೆ ಎದ್ದೊಡನೆ ಒಸಿಟಿಯ ಸಂಕೇತ ಕಲಸಿಹೋಗುತ್ತದೆ, ಲೇಸರ್ ನಿಲ್ಲುತ್ತದೆ. (ಗುಳ್ಳೆಯ ಸದ್ದನ್ನು ಆಲಿಸಿ ನಿಲ್ಲಿಸುವ ಬಗೆಯೂ ಇದೆ.) ಇಷ್ಟು ಚುರುಕು ಯಾರ ಕಾಲಿಗೂ ಇಲ್ಲ.

ವಿರೋಧ

ಬೆಂದಿತೆಂಬುದೇ ದೂರು ಎಂದಾದರೆ, ಸಕ್ಕರೆ ಕಾಯಿಲೆಯ ಕಣ್ಣಿಗೆ ಮಾಡುವ ಲೇಸರನ್ನು ಏನೆನ್ನೋಣ? ಅಲ್ಲಿ ಬೇಯಿಸುವುದೇ ಉದ್ದೇಶ. ಆಮ್ಲಜನಕ ಸಾಲದ ಅಂಚಿನ ರೆಟಿನಾಕ್ಕೆ ಸಾವಿರಕ್ಕೂ ಹೆಚ್ಚು ಚುಕ್ಕೆ ಇಟ್ಟರೆ, ಹೊಸ ರಕ್ತನಾಳಗಳನ್ನು ಚಿಗುರಿಸುವ ಅದರ ಕೂಗು ತಗ್ಗುತ್ತದೆ. 1970ರ ದಶಕದಲ್ಲಿ ಅಮೆರಿಕದಲ್ಲಿ ನಡೆದ ದೊಡ್ಡ ಪ್ರಯೋಗದಲ್ಲಿ ತೀವ್ರ ದೃಷ್ಟಿನಷ್ಟ ಹೆಚ್ಚುಕಡಿಮೆ ಅರ್ಧಕ್ಕಿಳಿದದ್ದು ಇದೇ ಒರಟು ಲೇಸರಿನಿಂದ, ಬರಿಗಣ್ಣಿನ ಅಳತೆಯಿಂದ. ಆಗ ಒಸಿಟಿ ಹುಟ್ಟಿಯೇ ಇರಲಿಲ್ಲ.

ಇನ್ನು ಗುಳ್ಳೆಯ ಮಾತು. ಯಂತ್ರ ನೋಡುವುದು ಕಲಸಿದ ಸಂಕೇತವನ್ನು, ಗುಳ್ಳೆಯನ್ನಲ್ಲ. ರೋಗಿ ಕಣ್ಣು ಅಲುಗಿಸಿದರೂ ಸಂಕೇತ ಕಲಸುತ್ತದೆ. ಗುಳ್ಳೆಯನ್ನೇ ಸರಿಯಾಗಿ ಹಿಡಿದರೂ ಅದು ಹೇಳುವುದು ಕೋಶ ಸತ್ತಿತೆಂದು ಮಾತ್ರ. ಈ ಚಿಕಿತ್ಸೆಯಿಂದ ಇಂಗಬೇಕಾದ, ರೆಟಿನಾದಡಿಯ ನೀರು ಇಂಗಿತೋ ಇಲ್ಲವೋ ಎಂಬುದು ವಾರಗಳ ಮೇಲೆ ಗೊತ್ತಾಗುವ ಸಂಗತಿ.

ಕಣ್ಣಿಗೇ ಕಾಣದ ಆ ಸೂಕ್ಷ್ಮ ಹೊಡೆತಗಳಿಗೆ ಅಳತೆ ಬೇಕು, ಒಪ್ಪುತ್ತೇನೆ. ನನ್ನ ತಕರಾರು ಅದನ್ನೇ ಎಲ್ಲ ಲೇಸರಿಗೂ ಹೇರುವುದರ ಬಗ್ಗೆ. ಪೆಡಲ್ ಒಮ್ಮೆ ತುಳಿದರೆ ಸಾಲಾಗಿ ಹಲವು ಚುಕ್ಕೆ ಇಡುವ, 20 ಮಿಲಿಸೆಕೆಂಡಿನ ಹೊಡೆತದ ಯಂತ್ರಗಳು ಬಂದು ನೋವು, ಹೊತ್ತು ಎರಡೂ ಇಳಿದವು, ಅದಕ್ಕೆ ಒಸಿಟಿಯ ಕಾವಲು ಬೇಕಾಗಲಿಲ್ಲ. ತಾಲ್ಲೂಕಿನಿಂದ ಬೆಳಗಿನ ಬಸ್ಸು ಹತ್ತಿ, ಪಾಪೆ ಹಿಗ್ಗಿಸುವ ಹನಿ ಹಾಕಿಸಿಕೊಂಡು, ಬೆಳಕು ಕುಕ್ಕುವ ಕಣ್ಣಲ್ಲೇ ಊರಿಗೆ ಹಿಂದಿರುಗುವವರಿಗೆ ಎರಡನೇ ಸಲ ಬರುವುದೇ ಕಷ್ಟ. ದುಡ್ಡಿದ್ದರೆ ಆ ಸಾದಾ ಯಂತ್ರವನ್ನೇ ಅವರ ತಾಲ್ಲೂಕಿಗೆ ಕಳಿಸಿ.