ಒಂಟಿಯಾಗಿ ಬಂದವನಿಗೂ ಒಂದು ಗೇಮ್ ಸಿಗಲಿ

"ನೀವು ಯಾರ ಕಡೆಯವರು ಸಾರ್?"

ಕಳೆದ ಸಲ ಮೈಸೂರಿಗೆ ಹೋದಾಗ ನಮ್ಮ ಬಡಾವಣೆಯ ಶಟಲ್ ಕೋರ್ಟ್ ನೋಡಿಕೊಳ್ಳುವವರು ಕೇಳಿದ ಪ್ರಶ್ನೆ ಇದು. ಮರ್ಯಾದೆಯಿಂದಲೇ ಕೇಳಿದರು. ಯಾರ ಕಡೆಯವನೂ ಅಲ್ಲ, ಎರಡು ಬೀದಿ ಆಚೆ ಅಮ್ಮನ ಮನೆ, ಒಂದೆರಡು ಗೇಮ್ ಆಡೋಣ ಅಂತ ಬಂದೆ ಅಂದೆ. "ಇಲ್ಲ ಸಾರ್, ಎಲ್ಲಾ ಬ್ಯಾಚೂ ಫುಲ್" ಅಂದರು. ಮೂರು ಕೋರ್ಟ್‌ಗಳಲ್ಲಿ ಒಂದು ಖಾಲಿ ಇತ್ತು. ಅದು ಆರು ಗಂಟೆ ಬ್ಯಾಚಿನವರದು, ಅಂದರೆ ತಿಂಗಳ ದುಡ್ಡು ಕೊಟ್ಟು ಆ ಹೊತ್ತನ್ನು ಹಿಡಿದಿಟ್ಟುಕೊಂಡ ಖಾಯಂ ಗುಂಪಿನದು. ಅವತ್ತು ಅವರಲ್ಲೊಬ್ಬರ ಮನೆ ಗೃಹಪ್ರವೇಶ, ಒಬ್ಬರೂ ಬಂದಿರಲಿಲ್ಲ. ನೆಟ್ ಕಟ್ಟಿತ್ತು, ಲೈಟ್ ಉರಿಯುತ್ತಿತ್ತು. ಗೋಡೆ ಪಕ್ಕ ಇಬ್ಬರು ಹುಡುಗರು ಬ್ಯಾಟ್ ಹಿಡಿದು ನಿಂತಿದ್ದರು. ಅವರೂ ಯಾರ ಕಡೆಯವರೂ ಅಲ್ಲ. ಏಳು ಗಂಟೆಗೆ ಆ ಕೋರ್ಟಿನ ಲೈಟ್ ಆರಿಸಿದರು.

ಒಂದು ಸಂಜೆ ಆಟ ತಪ್ಪಿದರೆ ಏನೂ ಆಗುವುದಿಲ್ಲ. ಆದರೆ ಹುಟ್ಟಿ ಬೆಳೆದ ಬಡಾವಣೆಯಲ್ಲಿ ಸಿಗದ ಜಾಗ, ನನ್ನ ಹೆಸರನ್ನು ಸರಿಯಾಗಿ ಹೇಳಲೂ ಬಾರದ ಊರಿನಲ್ಲಿ ವಾರ ವಾರ ಸಿಗುತ್ತದೆ. ಅದು ಚುಚ್ಚಿತು.

ನಾನಿರುವುದು ಅಮೆರಿಕದ ಸಿಯಾಟಲ್ ಪಕ್ಕದಲ್ಲಿ. ಇಲ್ಲಿ ಬಹಳಷ್ಟು ಊರುಗಳಲ್ಲಿ ಕಮ್ಯುನಿಟಿ ಸೆಂಟರ್ ಇರುತ್ತವೆ. ಹೆಚ್ಚಿನವನ್ನು ಊರಿನ ಪಾರ್ಕ್ ಇಲಾಖೆಯೇ ನಡೆಸುತ್ತದೆ. ಒಳಗೆ ಒಂದು ದೊಡ್ಡ ಹಾಲ್, ಮರದ ನೆಲ. ನೆಲದ ಮೇಲೆ ಬ್ಯಾಸ್ಕೆಟ್‌ಬಾಲ್, ವಾಲಿಬಾಲ್, ಶಟಲ್ ಎಲ್ಲದರ ಗೆರೆಗಳು ಒಂದರ ಮೇಲೊಂದು, ಒಂದೊಂದಕ್ಕೆ ಒಂದೊಂದು ಬಣ್ಣ. ವಾರದ ಇಂತಿಂಥ ಹೊತ್ತು ಇಂತಿಂಥ ಆಟ ಎಂದು ಬಾಗಿಲಲ್ಲೇ ಅಂಟಿಸಿರುತ್ತಾರೆ. ಆ ಹೊತ್ತಿನಲ್ಲಿ ಕೋರ್ಟನ್ನು ಯಾರೂ ಬುಕ್ ಮಾಡುವ ಹಾಗಿಲ್ಲ. ಕೌಂಟರಿನಲ್ಲಿ ಹೆಸರು ಬರೆದು, ಕೆಲವು ಡಾಲರ್ ಕೊಟ್ಟು, ಒಳಗೆ ಹೋದರೆ ಆಯಿತು.

ನಾನು ಮೊದಲು ಹೋದದ್ದು ಶಟಲ್ ಆಡಲು. ಸೇರಿಕೊಂಡಿದ್ದು ಪಿಕಲ್‌ಬಾಲ್‌ಗೆ. ಬೆಂಗಳೂರಿನಲ್ಲೂ ಈಗ ಇದರ ಕೋರ್ಟ್‌ಗಳು ಬಂದಿವೆ, ನೀವು ನೋಡಿರುತ್ತೀರಿ. ಇದು ಹುಟ್ಟಿದ್ದು ಇಲ್ಲೇ, ಸಿಯಾಟಲ್‌ನಿಂದ ಫೆರ್ರಿಯಲ್ಲಿ ಅರ್ಧ ಗಂಟೆ ಚಿಲ್ಲರೆ ದೂರದ ಬೇನ್‌ಬ್ರಿಡ್ಜ್ ದ್ವೀಪದಲ್ಲಿ, 1965ರಲ್ಲಿ. ಜೋಯಲ್ ಪ್ರಿಚರ್ಡ್ ಎಂಬವರ ಮನೆಯಲ್ಲಿ ಹಳೇ ಶಟಲ್ ಕೋರ್ಟ್ ಇತ್ತು, ಆಡಲು ಬೇಕಾದ ಸಾಮಾನು ಇರಲಿಲ್ಲ. ಟೇಬಲ್ ಟೆನಿಸ್ ಬ್ಯಾಟು, ತೂತಿನ ಪ್ಲಾಸ್ಟಿಕ್ ಚೆಂಡು, ಕೈಗೆ ಸಿಕ್ಕಿದ್ದನ್ನು ಹಿಡಿದು ಆಡಿದರು. ಅದಕ್ಕೇ ಕೋರ್ಟಿನ ಅಳತೆ ಇವತ್ತಿಗೂ ಶಟಲ್ ಡಬಲ್ಸ್‌ನಷ್ಟೇ ಇದೆ, 44 ಅಡಿ ಉದ್ದ, 20 ಅಡಿ ಅಗಲ. 2022ರಲ್ಲಿ ವಾಷಿಂಗ್ಟನ್ ರಾಜ್ಯ ಇದನ್ನು ತನ್ನ ಅಧಿಕೃತ ಆಟ ಎಂದು ಘೋಷಿಸಿತು.

ಆಟಕ್ಕಿಂತ ನನಗೆ ಇಷ್ಟವಾಗಿದ್ದು ಗೋಡೆಗೆ ಹೊಡೆದಿರುವ ಒಂದು ಸ್ಟ್ಯಾಂಡು. ಉದ್ದದ ಹಲಗೆ, ಅದರಲ್ಲಿ ಪ್ಯಾಡಲ್ (ಪಿಕಲ್‌ಬಾಲ್ ಬ್ಯಾಟು) ಸಿಕ್ಕಿಸುವ ಸಂದುಗಳು. ನಾಲ್ಕು ನಾಲ್ಕಕ್ಕೆ ಒಂದು ಗೆರೆ. ಬಂದವರು ತಮ್ಮ ಪ್ಯಾಡಲನ್ನು ಮುಂದಿನ ಖಾಲಿ ಸಂದಿನಲ್ಲಿ ಇಟ್ಟು ಬೆಂಚಿನ ಮೇಲೆ ಕೂರಬೇಕು. ಯಾವ ಕೋರ್ಟಿನಲ್ಲಿ ಆಟ ಮುಗಿಯುತ್ತದೋ ಅಲ್ಲಿಗೆ ಮುಂದಿನ ನಾಲ್ಕು ಪ್ಯಾಡಲಿನವರು ಹೋಗುತ್ತಾರೆ. ಆ ನಾಲ್ವರಿಗೆ ಒಬ್ಬರಿಗೊಬ್ಬರ ಪರಿಚಯ ಇರಬೇಕಿಲ್ಲ. ನಾವು ಹೋಗುವ ಕಡೆ ಬಿಳಿ ಕೂದಲಿನ ಅಜ್ಜಿಯೊಬ್ಬರು ಇದನ್ನು ನೋಡಿಕೊಳ್ಳುತ್ತಾರೆ. ಹಲಗೆಯ ಅಂಚಿಗೆ ಬಟ್ಟೆ ಒಣಗಿಸುವ ಕೆಂಪು ಕ್ಲಿಪ್ ಒಂದನ್ನು ಹಾಕಿದ್ದಾರೆ. ಒಂದು ಗುಂಪು ಎದ್ದು ಹೋದ ತಕ್ಷಣ ಕ್ಲಿಪ್ಪನ್ನು ಮುಂದಿನ ಗೆರೆಗೆ ಸರಿಸುತ್ತಾರೆ. ಅಷ್ಟೇ ಅವರ ಕೆಲಸ. ಕೂಗಾಟ ಇಲ್ಲ, ಜಗಳ ಇಲ್ಲ.

ಲೆಕ್ಕವೂ ಸರಳ. ಒಂದು ಆಟ 11 ಪಾಯಿಂಟಿಗೆ, ಎರಡರ ಅಂತರದಲ್ಲಿ ಗೆಲ್ಲಬೇಕು, ಹೆಚ್ಚುಕಮ್ಮಿ ಕಾಲು ಗಂಟೆ ಹಿಡಿಯುತ್ತದೆ. ನಾಲ್ಕು ಕೋರ್ಟ್ ಇದ್ದರೆ ಸುಮಾರು ನಾಲ್ಕು ನಿಮಿಷಕ್ಕೊಂದು ಖಾಲಿ ಆಗುತ್ತದೆ. ನನ್ನ ಮುಂದೆ ಎರಡು ಗುಂಪು ಕಾಯುತ್ತಿದ್ದರೆ ಹತ್ತು ಹನ್ನೆರಡು ನಿಮಿಷದಲ್ಲಿ ನನ್ನ ಸರದಿ. ಜನ ಜಾಸ್ತಿ ಇದ್ದ ದಿನ ಸೋತವರು ಗೆದ್ದವರು ನಾಲ್ವರೂ ಹೊರಗೆ ಬರಬೇಕು. ಕಮ್ಮಿ ಇದ್ದ ದಿನ ಗೆದ್ದವರು ಅಲ್ಲೇ ಉಳಿಯಬಹುದು, ಆದರೆ ಇಬ್ಬರೂ ಒಂದೇ ಕಡೆ ಇರುವಂತಿಲ್ಲ, ನೆಟ್ಟಿನ ಆಚೆಗೊಬ್ಬರು ಈಚೆಗೊಬ್ಬರು. ಹಾಗಾಗಿ ಯಾವ ಜೋಡಿಯೂ ಕೋರ್ಟಿನಲ್ಲಿ ಠಿಕಾಣಿ ಹೂಡಲು ಆಗುವುದಿಲ್ಲ. ಹೊಸಬರಿಗೆ ಬೇರೆ ಹೊತ್ತು, ಪಳಗಿದವರಿಗೆ ಬೇರೆ ಹೊತ್ತು. ಹದಿನಾರರ ಹುಡುಗಿ, ಎಪ್ಪತ್ತು ದಾಟಿದ ಚೀನೀ ತಾತ, ಸಾಫ್ಟ್‌ವೇರಿನವನು, ಟ್ರಕ್ ಓಡಿಸುವವನು, ನಾಲ್ವರೂ ಒಂದೇ ಕೋರ್ಟಿನಲ್ಲಿ ಆಡಿದ್ದನ್ನು ನೋಡಿದ್ದೇನೆ. ಯಾರು ಯಾರ ಕಡೆ ಅನ್ನುವ ಮಾತೇ ಬರಲಿಲ್ಲ.

ಇದನ್ನೆಲ್ಲ ಊರಲ್ಲಿ ಭಾವನಿಗೆ ಹೇಳಿದೆ. "ಅಯ್ಯೋ, ಇಲ್ಲಿ ಹಾಗೆ ಬಿಟ್ರೆ ಕೋರ್ಟು ಉಳಿಯುತ್ತೇನೋ? ನಮ್ಮ ಜನಕ್ಕೆ ಕ್ಯೂ ಅಂದ್ರೇನೇ ಗೊತ್ತಿಲ್ಲ" ಅಂದರು. ಈ ಮಾತನ್ನು ನಾನು ಒಪ್ಪುವುದಿಲ್ಲ. ಎಷ್ಟು ಸಲ ಕೇಳಿದರೂ ಒಪ್ಪುವುದಿಲ್ಲ. ನಾವು ಬೀದಿಯಲ್ಲಿ ಕ್ರಿಕೆಟ್ ಆಡುವಾಗ ಯಾವ ದೊಡ್ಡವರು ಬಂದು ಸರದಿ ಇಟ್ಟಿದ್ದರು? ಹುಲಿ ಬೇಕಾ ಸಿಂಹ ಬೇಕಾ ಅಂತ ಟೀಮ್ ಮಾಡುತ್ತಿದ್ದೆವು. ಒಬ್ಬ ಜಾಸ್ತಿ ಆದರೆ ಕಾಮನ್ ಪ್ಲೇಯರ್, ಎರಡೂ ಕಡೆ ಬ್ಯಾಟಿಂಗ್. ತಮ್ಮನನ್ನು ಕರೆದುಕೊಂಡು ಬಂದರೆ ಅವನು ಆಟಕ್ಕುಂಟು ಲೆಕ್ಕಕ್ಕಿಲ್ಲ, ಆದರೂ ಅವನಿಗೆ ಒಂದು ಓವರ್. ರಜಕ್ಕೆ ಅಜ್ಜಿ ಮನೆಗೆ ಬಂದ ಹುಡುಗ ಗೇಟಿನ ಹತ್ತಿರ ಸುಮ್ನೆ ನಿಂತಿದ್ದರೆ "ಆಡ್ತೀಯೇನೋ?" ಅಂತ ಕರೆಯುತ್ತಿದ್ದೆವು. ಹತ್ತು ವರ್ಷದ ಮಕ್ಕಳಿಗೆ ಗೊತ್ತಿದ್ದದ್ದು ನಲವತ್ತು ವರ್ಷದ ಕೋರ್ಟ್ ಕಮಿಟಿಯವರಿಗೆ ಯಾಕೆ ಮರೆತುಹೋಯಿತು?

ಜಾಗ ಹಂಚಿಕೊಳ್ಳುವುದೂ ನಮಗೆ ಹೊಸದಲ್ಲ. ಪ್ರಕಾಶ್ ಪಡುಕೋಣೆ ಚಿಕ್ಕವರಿದ್ದಾಗ ಆಡಿ ಬೆಳೆದದ್ದು ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲ್‌ನಲ್ಲಿ. ಅದು ಮದುವೆ ಹಾಲ್. ಮದುವೆ ಇದ್ದ ದಿನ ಆಟ ಇಲ್ಲ, ಇಲ್ಲದ ದಿನ ಆಟ. ಅಲ್ಲಿಂದ ಹೋದವರು 1980ರಲ್ಲಿ ಆಲ್ ಇಂಗ್ಲೆಂಡ್ ಶಟಲ್ ಪಂದ್ಯಾವಳಿ ಗೆದ್ದರು.

ಇಷ್ಟು ಹೇಳಿದ ಮೇಲೆ ಇನ್ನೊಂದು ಕಡೆಯ ಮಾತನ್ನೂ ಹೇಳಬೇಕಲ್ವಾ. ನಮ್ಮೂರಲ್ಲಿ ಕೋರ್ಟ್ ನಡೆಯುವುದು ಗಂಟೆಯ ಬಾಡಿಗೆಯಿಂದ, ತಿಂಗಳ ಬ್ಯಾಚಿನ ದುಡ್ಡಿನಿಂದ. ಇಲ್ಲಿ ಊರಿನವರ ತೆರಿಗೆ ಹಿಂದೆ ನಿಂತಿದೆ. ಬಾಡಿಗೆ ಹಂಚಿಕೊಳ್ಳಬೇಕಾದರೆ ಖಾಯಂ ನಾಲ್ಕು ಜನ ಬೇಕೇ ಬೇಕು. ಹಾಗಾಗಿ ಬ್ಯಾಚ್ ಹುಟ್ಟಿಕೊಂಡಿದ್ದು ಯಾರ ಕೊಬ್ಬಿನಿಂದಲೂ ಅಲ್ಲ. ಇಲ್ಲಿಯೂ ಎಲ್ಲ ಚೆನ್ನಾಗಿಲ್ಲ. ಚೆನ್ನಾಗಿ ಆಡುವ ನಾಲ್ವರು ಮಾತಾಡಿಕೊಂಡು ಪ್ಯಾಡಲ್‌ಗಳನ್ನು ಒಂದೇ ಗೆರೆಯೊಳಗೆ ಇಡುವುದುಂಟು. ಅಜ್ಜಿ ಇಲ್ಲದ ದಿನ ಅದು ಜಾಸ್ತಿ.

ಮತ್ತೆ ಆ ಗೃಹಪ್ರವೇಶ. ಆರು ಗಂಟೆ ಬ್ಯಾಚಿನವರೆಲ್ಲ ಆಟ ಬಿಟ್ಟು ಒಬ್ಬರ ಮನೆಗೆ ಊಟಕ್ಕೆ ಹೋಗಿದ್ದರು. ಇಲ್ಲಿ ಸಿಯಾಟಲ್‌ನವರ ಜೊತೆ ನಾನು ವರ್ಷಗಟ್ಟಲೆ ಆಡಿದ್ದೇನೆ. ಇವರಲ್ಲಿ ಎಷ್ಟೋ ಜನರ ಪೂರ್ತಿ ಹೆಸರು ನನಗೆ ಗೊತ್ತಿಲ್ಲ. ಆಟ ಮುಗಿದ ಮೇಲೆ ಪ್ಯಾಡಲಿಗೆ ಪ್ಯಾಡಲ್ ತಾಗಿಸಿ "ಗುಡ್ ಗೇಮ್" ಅನ್ನುತ್ತಾರೆ, ಕಾರು ಹತ್ತುತ್ತಾರೆ. ನಾನು ಒಂದು ತಿಂಗಳು ಹೋಗದಿದ್ದರೆ ಯಾರೂ ಫೋನ್ ಮಾಡುವುದಿಲ್ಲ. ಮೈಸೂರಿನ ಬ್ಯಾಚಿನಲ್ಲಿ ಎರಡು ದಿನ ಬರದಿದ್ದರೆ ಮನೆ ಬಾಗಿಲಿಗೇ ಬರುತ್ತಾರೆ. ಆ ನಂಟು ಇಲ್ಲಿಲ್ಲ, ಅದಿಲ್ಲದ ಕೊರತೆ ನನಗೆ ದಿನಾ ಗೊತ್ತಾಗುತ್ತದೆ.

ಹಾಗಾಗಿ ಬ್ಯಾಚ್ ತೆಗೆಯಿರಿ ಅಂತ ಕೇಳುತ್ತಿಲ್ಲ. ವಾರಕ್ಕೆ ಎರಡು ಸಂಜೆ, ಮೂರರಲ್ಲಿ ಒಂದು ಕೋರ್ಟು, ಎರಡು ಗಂಟೆ ಹೊತ್ತು, ಯಾರು ಬೇಕಾದರೂ ಬರಲಿ. ಒಂದೇ ಗೇಮ್, 21ಕ್ಕೆ, ಆಮೇಲೆ ನಾಲ್ವರೂ ಹೊರಗೆ. ತಲೆಗೆ ಇಷ್ಟು ಅಂತ ಬಾಗಿಲಲ್ಲೇ ಇಸಿದುಕೊಳ್ಳಲಿ, ಬಾಡಿಗೆ ಹುಟ್ಟುತ್ತದೆ. ಕಾಕ್ ಯಾರು ತರಬೇಕು ಅನ್ನುವ ಜಗಳ ಬೇಡ. ಫೆದರ್ ಬಿಟ್ಟು ನೈಲಾನ್ ಕಾಕ್, ಮೇವಿಸ್ 350ರ ಒಂದು ಡಬ್ಬ, ಕೋರ್ಟಿನಲ್ಲೇ ಇಟ್ಟರೆ ಸಾಕು. ಬ್ಯಾಚಿನವರು ಹದಿನೈದು ನಿಮಿಷ ತಡವಾದರೆ ಗೋಡೆ ಪಕ್ಕ ನಿಂತವರು ಆಡಲಿ, ಅವರು ಬಂದ ಮೇಲೆ ನಡೆಯುತ್ತಿರುವ ಗೇಮ್ ಮುಗಿಸಿ ಬಿಟ್ಟುಕೊಡಲಿ. ಡಿಸೆಂಬರಿನಲ್ಲಿ ಬಂದಾಗ ಕಮಿಟಿಯವರನ್ನು ಕಂಡು ಮಾತಾಡುತ್ತೇನೆ. ಬ್ಯಾಟ್ ಸಿಕ್ಕಿಸುವ ಹಲಗೆಯ ಖರ್ಚು ನನ್ನದು.